ಜಾವಾವನ್ನು ಹಜಾರದಲ್ಲಿ ನಿಲ್ಲಿಸಿದ ಗೆಳೆಯನಿಗೆ ಬಹಿರಂಗ ಪತ್ರ

ಪ್ರೀತಿಯ ಗೆಳೆಯ,

ನಿನ್ನ ಜಾವಾ ಬೈಕನ್ನು ಹೊಸ ಮನೆಯ ಹಜಾರಕ್ಕೆ ಹತ್ತಿಸಿದ್ದೀಯ ಎಂದು ಕೇಳಿದೆ. ಟ್ಯಾಂಕಿಗೆ ಹೊಸದಾಗಿ ಕ್ರೋಮ್ ಹಾಕಿಸಿ, ಮೇಲೊಂದು ದೀಪವನ್ನೂ ಇಳಿಬಿಟ್ಟಿದ್ದೀಯಂತೆ. ಮನೆಗೇ ಬಂದು ಹೇಳಬಹುದಾದ ಮಾತನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ಯಾಕೆಂದರೆ ಹಳೆಯ ಗಾಡಿಯ ಮೇಲಿನ ಪ್ರೀತಿಯಿಂದಲೇ ಅದನ್ನು ನಿಲ್ಲಿಸಿಬಿಟ್ಟವರು ನಿನ್ನಂತೆ ಇನ್ನೂ ಅನೇಕರಿದ್ದಾರೆ.

ನಿಂತ ಗಾಡಿ ಕೆಡುತ್ತದೆ ಕಣೋ. ಪೆಟ್ರೋಲ್ ಆರಿಹೋಗಿ, ಅದಕ್ಕೆ ಬೆರೆಸಿದ ಆಯಿಲ್ ಅಂಟಾಗಿ ಕಾರ್ಬ್ಯುರೇಟರಿನ ಜೆಟ್ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ, ಕ್ರ್ಯಾಂಕಿನ ಸೀಲುಗಳು ಒಣಗಿ ಬಿರುಸಾಗುತ್ತವೆ. ಹೊರಗಿನ ಹೊಳಪು ಮಾತ್ರ ಹಾಗೆಯೇ ಇರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ತಯಾರಿಸಲು ಶುರುಮಾಡಿದ್ದು 1961ರಲ್ಲಿ. ವಿನ್ಯಾಸ ಜೆಕೊಸ್ಲೊವಾಕಿಯಾದ್ದು, ಜೋಡಿಸಿದ ಕೈಗಳು ನಮ್ಮೂರಿನವು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆಮೇಲೂ ಈ ಗಾಡಿಗಳು ಉಳಿದದ್ದು ಓಡಿಸುವವರಿಂದ. ಓಡಿದರೆ ಸವೆಯುತ್ತದೆ, ಸವೆದರೆ ಬಿಡಿಭಾಗ ಬೇಕು, ಬೇಕೆಂದು ಕೇಳುವವರಿರುವುದರಿಂದಲೇ ಲೇತ್‌ ಮುಂದೆ ಕೂತು ಬುಷ್ ಕಡೆಯುವವರೂ ಪಾಯಿಂಟ್ ಸೆಟ್ ಮಾಡಬಲ್ಲ ಮೆಕ್ಯಾನಿಕ್ಕುಗಳೂ ಆ ಕೆಲಸ ಬಿಡದೆ ಉಳಿದಿದ್ದಾರೆ. ಕಿಕ್ಕರನ್ನೇ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವ ಈ ಯಂತ್ರವನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರ ಕೈಗೆ ಕೆಲಸ ಬೇಕು, ಪಕ್ಕದಲ್ಲಿ ನಿಂತು ಕಲಿಯುವ ಹುಡುಗರೂ ಬೇಕು.

ಇನ್ನೊಂದು ಮಾತು ನಮ್ಮಿಬ್ಬರದು. ಸವಾರನಿಗೆ ತನ್ನ ಸೈಲೆನ್ಸರಿನ ಹೊಗೆ ಕಾಣುವುದಿಲ್ಲ, ಹಿಂದೆ ಬರುವವನಿಗೆ ಕಾಣುತ್ತದೆ. ನನ್ನ ಯೆಜ್ಡಿ ರೋಡ್‌ಕಿಂಗ್ ದಟ್ಟ ಬಿಳಿ ಹೊಗೆ ಬಿಟ್ಟಾಗ ಹಾರ್ನ್ ಹೊಡೆದು ನಿಲ್ಲಿಸಿ, ‘ಸೀಲ್ ಹೋಗಿದೆ, ಗೇರ್ ಆಯಿಲ್ ಎಳೀತಿದೆ’ ಎಂದವನು ನೀನು. ಸಂಪಾಜೆ ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿಯಬಾರದೆಂದು ಕಲಿಸಿದವನೂ ನೀನೇ. ಈ ಟೂ-ಸ್ಟ್ರೋಕಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕು. ಪೆಟ್ರೋಲ್ ನಿಂತರೆ ಪಿಸ್ಟನ್ ಒಣಗುತ್ತದೆ, ಸೀಜ್ ಆಗುತ್ತದೆ. ನೀನು ಮುಂದೆ ಆಗಾಗ ಆಕ್ಸಿಲರೇಟರ್ ತಿರುವುವ ಸದ್ದು ಕೇಳಿ ನಾನೂ ತಿರುವುತ್ತಿದ್ದೆ. ಹೆಲ್ಮೆಟ್ಟಿನೊಳಗೆ ಮಾತು ಕೇಳಿಸದ ದಾರಿಯಲ್ಲಿ ನಾವು ಒಬ್ಬರನ್ನೊಬ್ಬರು ಕಾಯ್ದದ್ದು ಹೀಗೆ. ನನ್ನ ಪಾಲಿಗೆ ಸ್ನೇಹವೆಂದರೆ ಅದು.

ವಿಂಟೇಜ್ ನೋಂದಣಿ ಮಾಡಿಸುವ ಯೋಚನೆಯೂ ನಿನಗಿದೆಯಂತೆ. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ಅದರ ಶುಲ್ಕ 20,000 ರೂಪಾಯಿ. ಆಮೇಲೆ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿ ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ಕೈಬೆರಳಲ್ಲಿ ಎಣಿಸುವಷ್ಟು ಉಳಿದ ಗಾಡಿಗಳಿಗೆ ಅದು ಒಳ್ಳೆಯ ಕಾವಲು. ಆದರೆ ನಿನ್ನ ಜಾವಾದ ಕಾಗದಪತ್ರ ಸರಿಯಾಗಿದೆ, ಎಫ್‌ಸಿ ಮಾಡಿಸಿ ಹಳೆಯ ನಂಬರಿನಲ್ಲೇ ಓಡಿಸಬಹುದು. ಭಾನುವಾರ ಬೆಳಿಗ್ಗೆ ಕಾರಣವಿಲ್ಲದೆ ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಹಕ್ಕನ್ನು ಯಾಕೆ ಬಿಟ್ಟುಕೊಡುತ್ತೀಯ?

ಜುಲೈ ಎರಡನೇ ಭಾನುವಾರ ಜಾವಾ ದಿನ, ಬೆಂಗಳೂರಿನಲ್ಲಿ ನಮ್ಮವರೆಲ್ಲ ಸೇರುತ್ತಾರೆ. ಅಷ್ಟರಲ್ಲಿ ಟ್ಯಾಂಕ್ ತೊಳೆಸು, ಜೆಟ್ ಬಿಡಿಸು, ಸೀಲ್ ಬದಲಿಸು. ಬೇಕಾದ ಸಾಮಾನು ನಾನು ತರುತ್ತೇನೆ. ದಯವಿಟ್ಟು ಗಾಡಿಯನ್ನು ಹೊರಗೆ ತೆಗೆ. ಇದನ್ನು ಓದುತ್ತಿರುವ ಉಳಿದವರೂ ಅಷ್ಟೇ, ನಿಮ್ಮ ಗಾಡಿಗಳನ್ನೂ ಹೊರಗೆ ತೆಗೆಯಿರಿ.

ಇಂತಿ,
ನಿನ್ನ ರೋಡ್‌ಕಿಂಗ್ ಗೆಳೆಯ