ಮಾಳಿಗೆ ಶಾಕಮೀಮಾಂಸೆ: ನಿಜಲಿಂಗಪ್ಪ ಬಡಾವಣೆಯ ಸೌತೆ–ಟೊಮೆಟೊ ಕೃಷಿಯ ತಾತ್ವಿಕ ವಿವೇಚನೆ

ಗ್ರಂಥದ ವ್ಯಾಪ್ತಿಯನ್ನು ಮೊದಲೇ ಗೊತ್ತುಪಡಿಸಿಬಿಡೋಣ. ಕ್ಷೇತ್ರ: ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮಾಳಿಗೆಗಳು. ಅವುಗಳಲ್ಲೂ ನೀರಿನ ಟ್ಯಾಂಕು, ಸೋಲಾರು, ಹಪ್ಪಳ-ಸಂಡಿಗೆ ಒಣಗಿಸುವ ಜಾಗ ಇವಿಷ್ಟು ಕಳೆದು ಉಳಿಯುವ ಭೂಭಾಗ ಮಾತ್ರ. ಕೃಷಿಕ ಸಮುದಾಯ: ನಿವೃತ್ತರು, ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಕೈ ಖಾಲಿಯಾದ ದಂಪತಿಗಳು, ಮತ್ತು 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ‘ಇನ್ನು ಮನೇಲೇ ಬೆಳೀತೀವಿ’ ಎಂದು ಶಪಥ ಮಾಡಿದವರು. ಬೀಜ ಸಸಿಯಾಗಲು ಸುಮಾರು 25 ದಿನ, ನಾಟಿಯಾದ ಮೇಲೆ ಹಣ್ಣಾಗಲು ಎರಡು ತಿಂಗಳಿಗೂ ಮೇಲೆ. ಅಷ್ಟರಲ್ಲಿ ಪೇಟೆಯಲ್ಲಿ ಬೆಲೆ ಬಿದ್ದಿತ್ತು. ಅದು ಅರ್ಥಶಾಸ್ತ್ರದ ವಿಷಯವಾದ್ದರಿಂದ ಇಲ್ಲಿ ಚರ್ಚಿಸುವುದಿಲ್ಲ.

ಇನ್ನು ಪದಾರ್ಥ ನಿರ್ಣಯ. ಟೊಮೆಟೊ ಹಣ್ಣೋ ತರಕಾರಿಯೋ ಎಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1893ರಲ್ಲಿ ಇತ್ಯರ್ಥವಾಯಿತು. ಆಗ ಅಲ್ಲಿ ಆಮದಾದ ತರಕಾರಿಗೆ ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ಸಸ್ಯಶಾಸ್ತ್ರ ಏನೇ ಹೇಳಲಿ, ಜನ ಇದನ್ನು ಊಟದ ಜೊತೆ ತಿನ್ನುತ್ತಾರೆಯೇ ಹೊರತು ಊಟವಾದ ಮೇಲೆ ಸಿಹಿಯ ಹಾಗೆ ತಿನ್ನುವುದಿಲ್ಲ, ಆದ್ದರಿಂದ ತರಕಾರಿ ಎಂದಿತು ಪೀಠ. ಉದಾಹರಣೆ ಕೊಡುವ ಭರದಲ್ಲಿ ಸೌತೆಯನ್ನೂ ಅದೇ ಕಟಕಟೆಗೆ ಎಳೆದು ತಂದಿತು. ದಾವಣಗೆರೆಯಲ್ಲಿ ವಿಚಾರಣೆ ನಡೆದಿದ್ದರೆ ಒಬ್ಬ ಮಂಡಕ್ಕಿ ಅಂಗಡಿಯವರ ಸಾಕ್ಷ್ಯ ಸಾಕಿತ್ತು. ಎರಡನ್ನೂ ಸಣ್ಣಗೆ ಹೆಚ್ಚಿ ಖಾರ ಮಂಡಕ್ಕಿಗೆ ಕಲಸಿ, ಪಕ್ಕದಲ್ಲೊಂದು ಮೆಣಸಿನಕಾಯಿ ಬಜ್ಜಿ ಇಟ್ಟರೆ ಮೇಲ್ಮನವಿಗೂ ಆಸ್ಪದವಿರುತ್ತಿರಲಿಲ್ಲ.

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಪ್ರಮಾಣಗಳಲ್ಲಿ ಬಡಾವಣೆಯವರು ಮಾನ್ಯ ಮಾಡಿರುವುದು ಶಬ್ದವನ್ನು; ಅದೂ ಮೊಬೈಲಿನಲ್ಲಿ ಬಂದದ್ದಾದರೆ ಆಪ್ತವಾಕ್ಯ. ಹುಳಿಮಜ್ಜಿಗೆ ಸುರಿಯಿರಿ ಎಂದಿತು, ಸುರಿದರು. ಚಹಾಪುಡಿ ಎಂದಿತು, ಬಾಳೆಹಣ್ಣಿನ ಸಿಪ್ಪೆ ಎಂದಿತು, ಬೇವಿನ ಹಿಂಡಿ ಎಂದಿತು. ಒಂದೇ ಕುಂಡಕ್ಕೆ ಅಷ್ಟೂ ಬಿತ್ತು. ಬೀಜ ಮೊಳೆತಿದೆಯೋ ಇಲ್ಲವೋ ಎಂದು ದಿನಾ ಬೆಳಗ್ಗೆ ಬೆರಳಿನಿಂದ ಮಣ್ಣು ಬಗೆದು ನೋಡಿ ಮುಚ್ಚುವುದೂ ರೂಢಿಯಲ್ಲಿದೆ. ಮುಷ್ಟಿಗಟ್ಟಲೆ ಯೂರಿಯಾ ಉಂಡ ಟೊಮೆಟೊ ಗಿಡ ಆಳೆತ್ತರ ಬೆಳೆದು, ಕಡುಹಸಿರು ಎಲೆ ತಳೆದು, ಫೋಟೊಕ್ಕೆ ಚೆನ್ನಾಗಿ ಕಂಡು, ಹೂವನ್ನೇ ಬಿಡದೆ ನಿಂತಿತು. ಇಷ್ಟರಿಂದ ನಮ್ಮ ಶಾಸ್ತ್ರದ ಮೂಲಸೂತ್ರ ಸಿದ್ಧಿಸುತ್ತದೆ: ಆರೈಕೆ ಹೆಚ್ಚಿದಷ್ಟೂ ಕಾಯಿ ಕಡಿಮೆ.

ಸೌತೆಬಳ್ಳಿಯ ವಿಷಯದಲ್ಲಿ ಸೂತ್ರಕ್ಕೆ ಕರುಣಾರಸ ಸೇರುತ್ತದೆ. ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂವು. ಸಪೂರ ತೊಟ್ಟು, ಮೇಲೊಂದು ಹಳದಿ ಹೂವು, ಅಷ್ಟೇ. ಅರಳುತ್ತದೆ, ಉದುರುತ್ತದೆ. ಇದು ಪ್ರಕೃತಿಯ ಕ್ರಮವೆಂದು ತಿಳಿಯದ ನವಕೃಷಿಕರು ರೋಗವೆಂದು ಭಾವಿಸಿ ಔಷಧ ಹೊಡೆಯುತ್ತಾರೆ. ಔಷಧದ ವಾಸನೆಗೆ ಜೇನುನೊಣ ದೂರವಾಗುತ್ತದೆ. ವಾರ ಕಳೆದು ಹೆಣ್ಣು ಹೂವು ಬರುತ್ತದೆ. ಅದರ ಬುಡದಲ್ಲಿ ಉಗುರಿನುದ್ದದ ಎಳೆಗಾಯಿ, ಕಾಯಿಯ ಮೈಮೇಲೆ ಕಂಡೂ ಕಾಣದಷ್ಟು ಮೆತ್ತನೆ ಮುಳ್ಳು. ನೊಣ ಬಾರದಿದ್ದರೆ ಆ ಎಳೆಗಾಯಿ ಹಳದಿಗಟ್ಟಿ, ಮುರುಟಿ, ಬೀಳುತ್ತದೆ. ಆಮೇಲೆ ಮನೆಯೊಡೆಯರೇ ಬೆಳಗ್ಗೆ ಗಂಡು ಹೂವು ಕಿತ್ತು, ದಳ ಬಿಡಿಸಿ, ಪರಾಗವನ್ನು ಹೆಣ್ಣು ಹೂವಿಗೆ ಸವರಬೇಕಾಗುತ್ತದೆ. ಈ ಕಾರ್ಯಕ್ಕೆ ಜಾತಕ ನೋಡುವ ಪದ್ಧತಿ ಬಡಾವಣೆಯಲ್ಲಿ ಇನ್ನೂ ಬಂದಿಲ್ಲ. ಎದುರುಮನೆ ಮಾಳಿಗೆಯಲ್ಲಿ ಯಾರಾದರೂ ನಿಂತಿದ್ದರೆ ಕೆಲವು ಮೇಷ್ಟ್ರುಗಳು ಕೈ ಹಿಂದೆಗೆದು ಟ್ಯಾಂಕಿನ ನೀರು ನೋಡುವವರಂತೆ ನಟಿಸುತ್ತಾರೆಂಬುದು ಮಾತ್ರ ದಾಖಲಾಗಿದೆ. ಟೊಮೆಟೊಗೆ ಈ ಮುಜುಗರವಿಲ್ಲ. ಅದರ ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುವುದರಿಂದ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಆಯಿತು. ಏಪ್ರಿಲ್‌ನಲ್ಲಿ ತಟ್ಟಿ ಪ್ರಯೋಜನವಿಲ್ಲ. ಆಗ ಮಾಳಿಗೆ ಬೆಣ್ಣೆದೋಸೆಯ ಕಾವಲಿಯಾಗಿರುತ್ತದೆ, ಆ ಬಿಸಿಲಿಗೆ ಹೂವು ಕಚ್ಚದೆ ಉದುರುತ್ತದೆ.

ನೀರಿನ ಪ್ರಕರಣ ಚಿಕ್ಕದು. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು ನಲ್ಲಿಗೆ ಬಂದ ದಿನ ಕುಂಡಗಳಿಗೆ ಪ್ರಳಯ. ಬಾರದ ದಿನ ಬರಗಾಲ. ಹೀಗೆ ನೀರು ಏರುಪೇರಾದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪದೆ ಟೊಮೆಟೊದ ತಳ ಕಪ್ಪಾಗಿ ಕೊಳೆಯುತ್ತದೆ. ಬಡಾವಣೆಯ ನಿದಾನ ಬೇರೆ: ದೃಷ್ಟಿ. ಚಿಕಿತ್ಸೆ, ಕುಂಡಕ್ಕೊಂದು ನಿಂಬೆಹಣ್ಣು ಮತ್ತು ಮೆಣಸಿನಕಾಯಿ. ಎರಡನ್ನೂ ಕೊಂಡೇ ತರಬೇಕು.

ಮತಭೇದದ ಸಂಗತಿ ಹೆಚ್ಚು ಗಂಭೀರವಾದದ್ದು. ಬಡಾವಣೆಗೆ ಯಾರ ಹೆಸರಿಟ್ಟಿದೆಯೋ ಆ ಎಸ್. ನಿಜಲಿಂಗಪ್ಪನವರು ಅಖಿಲ ಭಾರತ ಅಧ್ಯಕ್ಷರಾಗಿದ್ದಾಗಲೇ, 1969ರಲ್ಲಿ, ಕಾಂಗ್ರೆಸ್ಸು ಸಿಂಡಿಕೇಟು–ಇಂಡಿಕೇಟು ಎಂದು ಒಡೆಯಿತು. ಅದೇ ಪರಂಪರೆಯಲ್ಲಿ ಇಂದು ಟೊಮೆಟೊ ಗಿಡದ ಕಂಕುಳ ಚಿಗುರನ್ನು ಚಿವುಟಬೇಕೆನ್ನುವವರು, ಬಿಡಬೇಕೆನ್ನುವವರು ಎಂಬ ಎರಡು ಬಣಗಳಿವೆ. ಉದ್ದಕ್ಕೆ ಬೆಳೆಯುತ್ತಲೇ ಹೋಗುವ ತಳಿಗೆ ಚಿವುಟಿ ಕೋಲು ಕಟ್ಟುವುದು ಲಾಭ, ಗಿಡ್ಡಗೆ ಪೊದೆಯಾಗುವ ತಳಿಗೆ ಚಿವುಟಿದರೆ ಇಳುವರಿಯೇ ಹೋಗುತ್ತದೆ ಎಂದು ಹೇಳಿ ರಾಜಿ ಮಾಡಿಸಬಹುದಿತ್ತು. ಆದರೆ ತಂದ ಬೀಜ ಯಾವ ತಳಿಯದೆಂದು ಎರಡೂ ಬಣಕ್ಕೆ ಗೊತ್ತಿಲ್ಲ. ಪೊಟ್ಟಣದ ಮೇಲೆ ಬರೆದಿರುತ್ತದೆ. ಪೊಟ್ಟಣ ಎಸೆದಾಗಿದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಅರ್ಕಾ ರಕ್ಷಕ್’ ಎಂಬ ಟೊಮೆಟೊ ತಳಿ ಕೊಟ್ಟಿದ್ದಾರೆ. ಎಲೆಮುರುಟು ನಂಜುರೋಗ, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ಅದು ತಡೆಯುತ್ತದೆ. ಆರೈಕೆ ಎಂಬ ನಾಲ್ಕನೆಯ ರೋಗಕ್ಕೆ ನಿರೋಧಕ ತಳಿ ಇನ್ನೂ ಬರಬೇಕಾಗಿದೆ. ಅಲ್ಲಿಯವರೆಗೆ ನಮಗಿರುವ ಪ್ರಬಲ ಸಾಕ್ಷ್ಯ ಹಿತ್ತಲ ಮೋರಿಯದು. ಪಾತ್ರೆ ತೊಳೆದ ನೀರಿನೊಡನೆ ಹರಿದುಹೋದ ಬೀಜ, ಕಾಂಪೌಂಡಿನ ಬಿರುಕಿನ ಪಕ್ಕ ಹುಟ್ಟಿ, ಯಾರ ಕಣ್ಣಿಗೂ ಬೀಳದೆ, ಸಣ್ಣ ಹುಳಿ ಹಣ್ಣನ್ನು ಗೊಂಚಲು ಗೊಂಚಲಾಗಿ ಬಿಡುತ್ತದೆ. ಬೇರಿಗೆ ಆಳ ಮಣ್ಣು, ದಿನವೂ ಒಂದೇ ಹದದ ತೇವ, ಹತ್ತಿರ ಸುಳಿಯದ ಔಷಧದ ಪಂಪು ಎಂದು ಇದಕ್ಕೆ ಕಾರಣ ಕೊಡಬಹುದು. ಆ ಹಣ್ಣನ್ನು ಮನೆಯವರು ಸಾರಿಗೆ ಹಾಕುವುದಿಲ್ಲ, ಮೋರಿಯದ್ದೆಂಬ ಕಾರಣಕ್ಕೆ. ಮಾಳಿಗೆಯ ಗಿಡಕ್ಕೆ ಮಾತ್ರ ಹಸುವಿನ ಸಗಣಿಯ ತಿಳಿನೀರು ಭಕ್ತಿಯಿಂದ ಹಾಕುತ್ತಾರೆ.

ಕೊನೆಯದು ಕಹಿಯ ಪ್ರಕರಣ. ಸೌತೆಯ ಕಹಿಗೆ ಕುಕುರ್ಬಿಟಾಸಿನ್ ಎಂಬ ದ್ರವ್ಯ ಕಾರಣ. ಬಿಸಿಲು ಹೆಚ್ಚಾಗಿ ನೀರು ತಪ್ಪಿದರೆ ಅದು ಏರುತ್ತದೆ, ತೊಟ್ಟಿನ ಕಡೆಗೂ ಸಿಪ್ಪೆಯ ಕೆಳಗೂ ಸೇರಿಕೊಳ್ಳುತ್ತದೆ. ಆದ್ದರಿಂದ ತೊಟ್ಟು ಕೊಯ್ಯುವುದಕ್ಕೆ ಶಾಸ್ತ್ರಾಧಾರವಿದೆ. ಕೊಯ್ದ ಬಿಲ್ಲೆಯಿಂದ ನೊರೆ ಬರುವವರೆಗೆ ಉಜ್ಜುವುದಕ್ಕೆ ಆಧಾರ ದುರ್ಬಲ. ಆದರೆ ಉಜ್ಜದೆ ತಿಂದವರು ಬಡಾವಣೆಯಲ್ಲಿ ಯಾರೂ ಸಿಗದ ಕಾರಣ ಪರೀಕ್ಷೆ ನಡೆದಿಲ್ಲ. ಮೊದಲ ಕಾಯಿಯನ್ನು ತಾವು ತಿನ್ನದೆ ಪಕ್ಕದ ಮನೆಗೆ ಕೊಡುವ ಸಂಪ್ರದಾಯ ಬಲವಾಗಿದೆ. ಅದು ಔದಾರ್ಯವೋ ಮುನ್ನೆಚ್ಚರಿಕೆಯೋ ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೊಟ್ಟ ಮಾರನೆ ದಿನ ಕಾಂಪೌಂಡಿನ ಆಚೆಯಿಂದ ಬರುವ ಅಭಿಪ್ರಾಯ ಹೀಗಿರುತ್ತದೆ:

“ಸವತಿಕಾಯಿ ಭಾಳ ಚೆನ್ನಾಗಿತ್ರೀ ಆಂಟಿ. ಹಾಗಲಕಾಯಿ ಬಳ್ಳೀನೂ ಪಕ್ಕದಾಗೇ ಹಬ್ಬಿಸೀರೇನು?”

ಈ ವಾಕ್ಯದ ಪಾಠಾಂತರಗಳು ಬಡಾವಣೆಯ ಎಲ್ಲ ಅಡ್ಡರಸ್ತೆಗಳಲ್ಲೂ ದೊರೆತಿವೆ.