ಮುಚ್ಚುವುದು ಖಚಿತ, ಸಮಾಲೋಚನೆ ಆಮೇಲೆ

1997ರ ಫೆಬ್ರವರಿ 27ರಂದು ರೆನೋ ಕಾರ್ ಕಂಪನಿ ಬೆಲ್ಜಿಯಂನ ವಿಲ್ವೋರ್ಡೆ ಕಾರ್ಖಾನೆಯನ್ನು ಮುಚ್ಚುವುದಾಗಿ ಘೋಷಿಸಿತು. ಅಲ್ಲಿ ದುಡಿಯುತ್ತಿದ್ದ ಸುಮಾರು 3,100 ಮಂದಿಗೆ ಮುಂಚೆ ಒಂದು ಮಾತೂ ಹೇಳಿರಲಿಲ್ಲ. ಹೇಳಲೆಂದೇ ಕಂಪನಿಯಲ್ಲೊಂದು ಯುರೋಪಿಯನ್ ಕಾರ್ಮಿಕ ಮಂಡಳಿ ಇತ್ತು. ಮಂಡಳಿ ಇದ್ದರೆ ಸಾಲದೇ, ಅದರ ಜೊತೆ ಮಾತನ್ನೂ ಆಡಬೇಕೇ?

ಕಾರ್ಮಿಕರು ಕೋರ್ಟಿಗೆ ಹೋದರು. ಏಪ್ರಿಲ್‌ನಲ್ಲಿ ಫ್ರಾನ್ಸಿನ ನಾಂತೇರ್ ಕೋರ್ಟು, ಮೇನಲ್ಲಿ ವರ್ಸೈಯ ಮೇಲ್ಮನವಿ ಕೋರ್ಟು ಕಂಪನಿಯದೇ ತಪ್ಪು ಎಂದವು. ಗೆದ್ದವರ ಕಾರ್ಖಾನೆ ಅದೇ ವರ್ಷ ಮುಚ್ಚಿತು. ಕಾನೂನು ಕೇಳಿದ್ದು ಸಮಾಲೋಚನೆ ಮಾತ್ರ. ಮುಚ್ಚಬೇಡಿ ಎಂದು ಅದು ಎಂದೂ ಹೇಳಿರಲಿಲ್ಲ. ತಾಳಿ ಕಟ್ಟಿದ ಮೇಲೆ ಜಾತಕ ತರಿಸುವ ಈ ಶಾಸ್ತ್ರಕ್ಕೆ 1994ರ ಯುರೋಪಿಯನ್ ನಿರ್ದೇಶನ ಬಲ ಕೊಟ್ಟಿತ್ತು.

ಮಂಡಳಿ ಬೇಕೆಂದರೆ ಕಂಪನಿಗೆ ಯುರೋಪಿನಲ್ಲಿ ಕನಿಷ್ಠ 1,000 ಕೆಲಸಗಾರರಿರಬೇಕು, ಎರಡು ದೇಶಗಳಲ್ಲಿ ತಲಾ 150 ಮಂದಿಯಾದರೂ ಇರಬೇಕು. ಆಮೇಲೆ ಮಂಡಳಿ ಕಟ್ಟುವ ಮಾತುಕತೆ. ಅದಕ್ಕೆ ಮೂರು ವರ್ಷದವರೆಗೂ ಸಮಯವಿದೆ. ಅಷ್ಟರಲ್ಲಿ ಒಂದು ಘಟಕವನ್ನು ಬಿಚ್ಚಿ, ಲಾರಿಗೆ ತುಂಬಿ, ಇನ್ನೊಂದು ದೇಶದಲ್ಲಿ ಜೋಡಿಸಿ, ಅಲ್ಲಿಯೂ ಬೀಗ ಹಾಕಲು ಪುರುಸೊತ್ತು ಸಿಗುತ್ತದೆ.

ಒಪ್ಪಂದ ಕುದುರದಿದ್ದರೆ ಕಾನೂನು ಕೊಡಿಸುವುದು ಕನಿಷ್ಠ ವರ್ಷಕ್ಕೊಂದು ಸಭೆ. ಹೋಟೆಲಿನ ಹಾಲ್, ಕಿವಿಗೆ ಹೆಡ್‌ಫೋನ್, ಮೂಲೆಯ ಗಾಜಿನ ಗೂಡಿನಲ್ಲಿ ದುಭಾಷಿಗಳು. ಮಾಹಿತಿಯ ಕಡತದ ಮೇಲೆ ‘ಗೌಪ್ಯ’ ಎಂಬ ಮುದ್ರೆ. ಊರಿಗೆ ಮರಳಿದ ಪ್ರತಿನಿಧಿ ತನ್ನ ಪಾಳಿಯವರಿಗೆ ಹೇಳಬಹುದಾದದ್ದು ಊಟ ಚೆನ್ನಾಗಿತ್ತು ಎಂಬುದೊಂದೇ. ಆದರೆ ನಿಜವಾದ ಕೆಲಸ ಕಾಫಿ ವಿರಾಮದಲ್ಲೇ ಮುಗಿದಿರುತ್ತದೆ. ಹೊಸ ಮಾದರಿಯನ್ನು ಯಾವ ಘಟಕಕ್ಕೆ ಕೊಡಬೇಕೆಂದು ಆಡಳಿತ ಇನ್ನೂ ‘ಯೋಚಿಸುತ್ತಿದೆ’ ಎಂಬ ಸುದ್ದಿ ಹರಿದಾಡುತ್ತದೆ. ಸ್ಪೇನಿನವನು ಫ್ರಾನ್ಸಿನವನ ಮುಖ ನೋಡುವುದನ್ನು ಬಿಡುತ್ತಾನೆ. ಜರ್ಮನಿಯವನು ತನ್ನ ಘಟಕದ ಓವರ್‌ಟೈಮ್ ದರ ಎಷ್ಟು ಇಳಿಸಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಹೀಗೆ ಕಾರ್ಮಿಕರು ತಮ್ಮ ಕೂಲಿಯನ್ನು ತಾವೇ ಹರಾಜು ಕೂಗಿದರೆ ಯಜಮಾನರು ಗಂಟಲು ಹರಿದುಕೊಳ್ಳುವುದೇಕೆ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದಲ್ಲಿ ಅಂಥದ್ದೇ ಕಂಪನಿಗೆ ರಾತ್ರಿ ಪಾಳಿ ದುಡಿಯುವವನು ಆ 1,000ದಲ್ಲೂ ಇಲ್ಲ, ಆ 150ರಲ್ಲೂ ಇಲ್ಲ. ಅವನು ಯುರೋಪಿನವನಲ್ಲ. ಎಷ್ಟೋ ಕಡೆ ಅವನನ್ನು ಕಾರ್ಮಿಕ ಅನ್ನುವುದೂ ಇಲ್ಲ, ‘ಟೀಮ್ ಮೆಂಬರ್’ ಅನ್ನುತ್ತಾರೆ. ಟೀಮಿಗೆ ಸಂಘ ಯಾಕೆ? ಪ್ಯಾರಿಸ್ಸಿನಲ್ಲಿ ಹುದ್ದೆಗಳನ್ನು ಕಡಿತ ಮಾಡುವ ದಿನ ಮಾತ್ರ ಅವನಿಗೂ ಮಂಡಳಿಯಲ್ಲಿ ಒಂದು ಜಾಗ ಸಿಗುತ್ತದೆ: ‘ವೆಚ್ಚ ಉಳಿತಾಯ’ ಎಂಬ ಸ್ಲೈಡಿನ ಎಡ ಮೂಲೆಯಲ್ಲಿ, ಯೂರೋ ಲೆಕ್ಕದಲ್ಲಿ.