ದವಡೆ ಮೀಮಾಂಸೆ

ಯಾವ ಜಂತುವಿನ ಎಲುಬುಗಳು ಎಷ್ಟು ಕಡಿಮೆ ದೊರೆಯುವುವೋ ಆ ಜಂತು ಅಷ್ಟು ದೊಡ್ಡದಾಗಿರತಕ್ಕದ್ದೆಂಬ, ಈವರೆಗೆ ಯಾವ ಪಂಡಿತರೂ ಸೂತ್ರರೂಪದಲ್ಲಿ ಹೇಳುವ ಧೈರ್ಯ ಮಾಡದ ಸಿದ್ಧಾಂತವೊಂದನ್ನು ಸಪ್ರಮಾಣವಾಗಿ ಸ್ಥಾಪಿಸುವುದೇ ಪ್ರಕೃತ ಪ್ರಬಂಧದ ಪ್ರಯೋಜನ. ಇದಕ್ಕೆ 'ಅಸ್ಥಿವಿಲೋಮನ್ಯಾಯ'ವೆಂದು ನಾಮಕರಣ ಮಾಡಿದ್ದೇನೆ. ಹೆಸರು ಸಂಸ್ಕೃತದಲ್ಲಿರುವುದರಿಂದ ಅರ್ಧ ಸಿದ್ಧವಾದಂತೆಯೇ.

ಇದಕ್ಕೆ ಲಕ್ಷ್ಯವಾಗಿ ಇಕ್ತಿಯೊಟೈಟನ್ ಸೆವರ್ನೆನ್ಸಿಸ್ ಎಂಬ ಕಡಲ ಸರೀಸೃಪವನ್ನು, ಎಂದರೆ ಸೆವರ್ನ್ ಪ್ರಾಂತದ ಮಹಾಮತ್ಸ್ಯೋರಗವನ್ನು, ಆರಿಸಿಕೊಂಡಿದ್ದೇನೆ. ಸುಮಾರು 20 ಕೋಟಿ 20 ಲಕ್ಷ ವರ್ಷಗಳ ಹಿಂದೆ, ಟ್ರಯಾಸಿಕ್ ಯುಗದ ಕೊನೆಯಲ್ಲಿ, ಇಂದು ಇಂಗ್ಲೆಂಡಿನ ಸಾಮರ್‌ಸೆಟ್ ಇರುವೆಡೆಯಲ್ಲಿ ಈಜಿಕೊಂಡಿದ್ದ ಈ ಪ್ರಾಣಿಯಿಂದ ನಮಗೆ ಉಳಿದಿರುವುದು ದವಡೆ; ಅದೂ ಪೂರ್ತಿ ದವಡೆಯಲ್ಲ, ಕೆಳದವಡೆಯ ಹಿಂಭಾಗದ ಎಲುಬು. 2016ರಲ್ಲಿ ಲಿಲ್‌ಸ್ಟಾಕ್ ಕಡಲತೀರದಲ್ಲಿ ಒಂದು ದೊರೆಯಿತು. 2020ರಲ್ಲಿ ಬ್ಲೂ ಆಂಕರ್ ಎಂಬಲ್ಲಿ ತಂದೆಯೊಡನೆ ಅಡ್ಡಾಡುತ್ತಿದ್ದ 11 ವರ್ಷದ ಬಾಲಿಕೆಯೊಬ್ಬಳಿಂದಾಗಿ ಅಂಥದೇ ಮತ್ತೊಂದು ಬೆಳಕಿಗೆ ಬಂದಿತು. ಚೂರುಗಳನ್ನು ಜೋಡಿಸಿ ಲೆಕ್ಕ ಹಾಕಲಾಗಿ ಆ ಒಂದು ಎಲುಬೇ 2 ಮೀಟರನ್ನು ಮೀರಿತು. ಡೀನ್ ಲೋಮ್ಯಾಕ್ಸ್ ಮೊದಲಾದ ವಿದ್ವಾಂಸರು 2024ರಲ್ಲಿ ಜಂತುವಿಗೆ ಹೆಸರಿಟ್ಟು, ಅದರ ಉದ್ದ ಸುಮಾರು 25 ಮೀಟರ್ ಇದ್ದಿರಬೇಕೆಂದು ಸಾರಿದರು.

ಇಲ್ಲಿ ಪೂರ್ವಪಕ್ಷ: ಅಗುಳೊಂದನ್ನು ಹಿಸುಕಿ ಅನ್ನ ಬೆಂದಿದೆಯೆಂದು ಹೇಳಬಹುದೇ ಹೊರತು ಹಂಡೆ ಎಷ್ಟು ಸೇರಿನದು, ಊಟಕ್ಕೆ ಎಷ್ಟು ಪಂಕ್ತಿ ಕುಳಿತಿತ್ತು ಎಂದು ಹೇಳಲಾದೀತೆ? ಸ್ಥಾಲೀಪುಲಾಕನ್ಯಾಯಕ್ಕೆ ಇಷ್ಟು ದೂರ ಕೈಚಾಚುವ ಅಧಿಕಾರವೆಲ್ಲಿಯದು? ಸಮಾಧಾನ: ಅಗುಳೇ 2 ಮೀಟರಿದ್ದರೆ ಹೇಳಬಹುದು.

ಅದು ದವಡೆಯೇ ಎಂಬುದಕ್ಕೆ ಪ್ರಮಾಣವೇನೆಂದು ಕೇಳುವವರೂ ಉಂಟು. ಪ್ರಶ್ನೆ ಅಷ್ಟು ಉಪೇಕ್ಷಣೀಯವಾದುದಲ್ಲ. ಏಕೆಂದರೆ ಸೆವರ್ನ್ ನದಿಯ ಬಳಿಯ ಆಸ್ಟ್ ಎಂಬ ಹಳ್ಳಿಯಲ್ಲಿ 1850ರಷ್ಟು ಹಿಂದೆಯೇ ದೊರೆತ ಎಲುಬುಗಳು ಡೈನೋಸಾರುಗಳ ಕಾಲುಗಳೆಂದು ಬಹುಕಾಲ ಪರಿಗಣಿತವಾಗಿದ್ದು, 2018ರಲ್ಲಿ ಇಂಥ ಮತ್ಸ್ಯೋರಗಗಳ ದವಡೆಗಳೆಂದು ಗುರುತಿಸಲ್ಪಟ್ಟುವು. ಕಾಲೆಂದುಕೊಂಡದ್ದು ಕಡೆಗೆ ಬರಿಯ ಬಾಯೆಂದು ತಿಳಿದುಬರುವ ಪ್ರಸಂಗಗಳು ನಮ್ಮ ಸಾರ್ವಜನಿಕ ಜೀವನದಲ್ಲಿ ಯಥೇಷ್ಟವಾಗಿರುವುದರಿಂದ ಇದನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ಸಿದ್ಧಾಂತ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯದಲ್ಲಿ, ಸಿಕಾನಿ ಚೀಫ್ ನದಿಯ ದಡದಲ್ಲಿ, ಇದರ ದಾಯಾದಿಯಾದ ಶೋನಿಸಾರಸ್ ಸಿಕಾನಿಯೆನ್ಸಿಸ್ ಎಂಬುದು ತನ್ನ ಅಸ್ಥಿಪಂಜರದ ಬಹುಭಾಗವನ್ನು ಅವಿವೇಕದಿಂದ ಬಿಟ್ಟುಹೋಯಿತು. ಫಲವೇನಾಯಿತು? ಅಳೆದರು, 21 ಮೀಟರಿಗೆ ನಿಂತುಹೋಯಿತು. ನಮ್ಮದಾದರೋ ದವಡೆಯೊಂದನ್ನು ಮಾತ್ರ ತೋರಿಸಿ 25ನ್ನು ಮುಟ್ಟಿತು. ಮೇಲಾಗಿ, ಎಲುಬಿನ ಸೂಕ್ಷ್ಮರಚನೆಯನ್ನು ಪರೀಕ್ಷಿಸಿದವರು, ಬ್ಲೂ ಆಂಕರಿನ ಪ್ರಾಣಿ ಸಾಯುವಾಗ ಇನ್ನೂ ಬೆಳೆಯುತ್ತಲೇ ಇತ್ತೆಂದು ವರದಿ ಮಾಡಿದ್ದಾರೆ. ಸತ್ತ ಮೇಲೂ ಅದು ಪಂಡಿತರ ಕೈಯಲ್ಲಿ ಬೆಳೆದುದಕ್ಕೆ ಅಭ್ಯಾಸಬಲವಲ್ಲದೆ ಬೇರೆ ಕಾರಣ ನನಗೆ ತೋರದು.

ಆದುದರಿಂದ ಸಾಮರ್‌ಸೆಟ್ಟಿನ ಕಡಲತೀರದಲ್ಲಿ ವಾಯುಸೇವನೆಗೆ ಹೋಗುವ ವಾಚಕ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ: ಉಬ್ಬರವಿಳಿದಾಗ ಅಕಸ್ಮಾತ್ತಾಗಿ ಇದರ ತಲೆಯಿಂದ ಬಾಲದವರೆಗಿನ ಅಖಂಡ ಪಂಜರವೇನಾದರೂ ಕಣ್ಣಿಗೆ ಬಿದ್ದರೆ, ದಯಮಾಡಿ ಯಾರಿಗೂ ತಿಳಿಸದೆ, ಮತ್ತೆ ಕೆಸರೆಳೆದು ಮುಚ್ಚಿಬಿಡಬೇಕು.